ನೀಲಿ ಪರದೆಯ ಹಿಂದೆ ಕೂತವರು

"ಕೇಳಿರಿ, ಕೇಳಿರಿ! ಯಂತ್ರಪಂಡಿತನ ಪರದೆ ಸರಿಸಿ ನೋಡಬೇಕೆನ್ನುವವರು ಮೊದಲು ಅವನ ಮೂರು ಒಗಟು ಬಿಡಿಸತಕ್ಕದ್ದು. ಬಿಡಿಸಿದವರಿಗೆ ಕೇಳಿದ್ದು ಕೊಡಲಾಗುವುದು. ಒಂದು ತಪ್ಪಿದರೂ ಹುಣ್ಣಿಮೆಯ ದಿನ ತಲೆ ಹಾರುವುದು. ಇದು ಕೇತರಸ ಮಹಾರಾಜರ ಅಪ್ಪಣೆ!"

ನೇಕಾರರ ಊರಾದ ಪಟ್ಟೆಪುರದಲ್ಲಿ ಹೀಗೆ ಡಂಗುರ ಸಾರಿದಾಗ, ಕಂಡಿಕೆಗೆ ನೂಲು ಸುತ್ತುತ್ತಿದ್ದ ಚೌಡವ್ವ ಕೈ ನಿಲ್ಲಿಸಿದಳು. ಯಂತ್ರಪಂಡಿತನೆಂದರೆ ಅವಳಿಗೆ ಮೈಯೆಲ್ಲ ಉರಿ.

ನೂರು ಪಂಡಿತರ ಬುದ್ಧಿ ಅರೆದು ಹುಯ್ದ ಯಂತ್ರವಂತೆ ಅದು. ಅರಮನೆಯಲ್ಲಿ ನೀಲಿ ಪರದೆಯ ಹಿಂದೆ ಇರುತ್ತದೆ. ಹಂಸದ ಅಂಚು ಬೇಕು ಎಂದರೆ ಸಾಕು, ಯಾವ ಸಾಲಿನಲ್ಲಿ ಯಾವ ಎಳೆ ಎತ್ತಬೇಕೆಂದು ತಾಮ್ರದ ಕೊಳವೆಯಲ್ಲಿ ಹೇಳುತ್ತದೆ. ಮಾತಿಗೊಂದು ಕಾಸು. ಮೊದಮೊದಲು ಎಲ್ಲರೂ ಹಾಡಿ ಹೊಗಳಿದರು. ಬರಬರುತ್ತ ಮಧ್ಯಾಹ್ನ ಕೇಳಿದವರ ಹಂಸಕ್ಕೆ ಮೇಕೆಯ ಕಾಲು ಬರತೊಡಗಿತು. ರೇಷ್ಮೆ ಹಾಳಾದವರು ಬಾಯಿ ಮುಚ್ಚಿಕೊಂಡು ಹೋದರು. ಚೌಡವ್ವನ ಅಪ್ಪ ಈರಪ್ಪ ಮಾತ್ರ ತುಂಬಿದ ಸಭೆಯಲ್ಲಿ, "ಮುಂಜಾನೆ ಹೇಳಾವರs ಬ್ಯಾರೆ, ಮಧ್ಯಾಹ್ನ ಹೇಳಾವರs ಬ್ಯಾರೆ ದೊರೆ!" ಎಂದುಬಿಟ್ಟ. ಅಂದಿನಿಂದ ಅವನು ಸೆರೆಮನೆಯಲ್ಲಿದ್ದಾನೆ.

ಮಧ್ಯಾಹ್ನ ಚೌಡವ್ವ ಅರಮನೆಗೆ ಬರುವಷ್ಟರಲ್ಲಿ ಸಭೆ ಕಿಕ್ಕಿರಿದಿತ್ತು. ಯಂತ್ರವನ್ನು ಕೊಂಡು ತನ್ನೂರಿಗೆ ಸಾಗಿಸುವ ಆಸೆಯಿಂದ ಬಂದಿದ್ದ ಒಬ್ಬ ಜವಳಿ ವರ್ತಕ ಮೀಸೆ ತಿರುವುತ್ತ ನಿಂತಿದ್ದ.

ಕೊಳವೆಯಿಂದ ಗೊಗ್ಗರು ದನಿ ಬಂತು. "ಅಂಗಡಿಯಲ್ಲಿ ಏನು ಹೆಚ್ಚು ಸಿಕ್ಕರೂ ಕೊಂಡವನಿಗೆ ಲಾಭ. ಒಂದು ಮಾತ್ರ ಹೆಚ್ಚು ಸಿಕ್ಕಷ್ಟೂ ಅವನ ಚೀಲವೂ ಖಾಲಿ, ಕೈಯೂ ಖಾಲಿ. ಏನದು?"

"ಹೆಂಡ!" ಎಂದ ವರ್ತಕ.

"ಕುಡುಕನ ಕೈಯಲ್ಲಿ ಮಡಕೆಯಾದರೂ ಉಳಿಯುತ್ತದೆ. ತಪ್ಪು."

ವರ್ತಕನನ್ನು ಭಟರು ಎಳೆದೊಯ್ದರು, ಪಾಪ, ಮೀಸೆ ಸಮೇತ. ಆಮೇಲೆ ಎದ್ದವನು ಆಸ್ಥಾನದ ಶಾಸ್ತ್ರಿ. ಅವನು "ಮಾತು" ಎಂದ. ಸರಿಯೆಂದಿತು ದನಿ. ಶಾಸ್ತ್ರಿ ಹಿಗ್ಗಿ ಹೀರೇಕಾಯಿಯಾದ.

"ಬೆಳಿಗ್ಗೆ ಕೇಳಿದವನಿಗೆ ಹಂಸ, ಮಧ್ಯಾಹ್ನ ಕೇಳಿದವನಿಗೆ ಮೇಕೆ. ಕೊಟ್ಟವರ ಹೆಸರೂ ಒಂದೇ, ತೆತ್ತ ಬೆಲೆಯೂ ಒಂದೇ. ಎರಡನ್ನೂ ಒಂದೇ ಮಾಡಿದ್ದು ಯಾವುದು?"

"ವಿಧಿ!"

"ವಿಧಿ ಯಾರ ಹತ್ತಿರವೂ ಕಾಸು ಎಣಿಸಿಕೊಳ್ಳುವುದಿಲ್ಲ. ತಪ್ಪು."

ಶಾಸ್ತ್ರಿಯೂ ಹೋದ. ಆಗ ಚೌಡವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಒಳಗೆ ಭಯವಿತ್ತು, ಆದರೆ ಅಪ್ಪ ಸೆರೆಯಲ್ಲಿ ಕೊಳೆಯುವಾಗ ಅದಕ್ಕೆ ಮಣೆ ಹಾಕಲು ಅವಳು ತಯಾರಿರಲಿಲ್ಲ.

"ನೂಲು ಸುತ್ತುವವಳು ಒಗಟು ಬಿಡಿಸುತ್ತೀಯಾ?" ಕೇತರಸ ನಕ್ಕ.

"ಸಿಕ್ಕು ಬಿಡಿಸೂದs ನನ್ನ ಕೆಲಸ ದೊರೆ," ಎಂದಳು. "ಮೊದಲನೇದಕ್ಕ ಶಾಸ್ತ್ರಿಗಳು ಮಾತು ಅಂದ್ರು, ಯಾರ ಮಾತು ಅನ್ನಲಿಲ್ಲ. ಮಾತಿಗೆ ಕಾಸು ಅಂತ ಬೆಲೆ ಕಟ್ಟಿದ ಈ ಯಂತ್ರದ ಮಾತು. ನಾ ಕೇಳಿದ್ದು ಒಂದು ಅಂಚು. ಅದು ಮೊದಲು ನನ್ನ ಹೊಗಳತೈತಿ, ಆಮ್ಯಾಲೆ ಅಂಚಿನ ಚರಿತ್ರಿ ಹೇಳತೈತಿ. ಎಳೆ ಲೆಕ್ಕ ಬರೂದ್ರಾಗ ಚೀಲ ಖಾಲಿ."

"ಸರಿ," ಎಂದಿತು ದನಿ.

"ಎರಡನೇದು ಈ ನೀಲಿ ಪರದಿ. ಮುಂಜಾನೆ ಒಬ್ಬರನ್ನ, ಮಧ್ಯಾಹ್ನ ಇನ್ನೊಬ್ಬರನ್ನ ಮುಚ್ಚಿ ಒಂದs ಬೆಲಿ ಬೇಡೂದು ಅದು."

"ಸರಿ." ದನಿ ಯಾಕೋ ನಡುಗಿತು. ರಾಜನ ನಗು ಮಾಯವಾಗಿತ್ತು. ಆದರೆ ಊರ ತುಂಬ ಡಂಗುರ ಹೊಡೆಸಿದ ಮಾತು, ನುಂಗುವಂತಿಲ್ಲ.

"ಮೂರನೆಯದು. ನಾನು ಯಾರು?"

ಯಂತ್ರಪಂಡಿತ ಎಂದರೆ ತಲೆ ಹೋಗುತ್ತದೆ, ಅಷ್ಟು ತಿಳಿದಿತ್ತು ಅವಳಿಗೆ. ಸೊಂಟದ ಗಂಟು ಬಿಚ್ಚಿ ಕಾಸುಗಳನ್ನು ಪರದೆಯ ಮುಂದಿಟ್ಟಳು. "ಹೇಳತೀನಿ. ಅದಕ್ಕ ಮೊದಲು ನನಗೊಂದು ಮಾವಿನಕಾಯಿ ಅಂಚು ಹೇಳ್ರಿ."

ಈ ಸಲ ಕೊಳವೆ ಹೊಗಳಲಿಲ್ಲ, ನೇರ ಲೆಕ್ಕಕ್ಕೆ ಇಳಿಯಿತು. ಪಟ್ಟೆಪುರದ ನೇಕಾರರಲ್ಲಿ ಒಂದು ರೂಢಿಯಿದೆ. ಸೀರೆಗೆ ಕಣ್ಣು ತಾಗದಿರಲೆಂದು ಬೇಕೆಂದೇ ಒಂದು ಎಳೆ ತಪ್ಪಿಸುತ್ತಾರೆ. ದೃಷ್ಟಿ ಎಳೆ ಎನ್ನುತ್ತಾರೆ ಅದನ್ನು. ಎಲ್ಲಿ ತಪ್ಪಿಸುವುದೆಂದು ಒಂದೊಂದು ಮನೆಗೆ ಒಂದೊಂದು ಜಾಗ, ಹೊರಗಿನವರಿಗೆ ಹೇಳುವುದಿಲ್ಲ. ಚೌಡವ್ವ ಬೆರಳು ಮಡಚುತ್ತ ಸಾಲು ಎಣಿಸಿದಳು. ಏಳು, ಎಂಟು. ಒಂಬತ್ತನೆಯ ಸಾಲು ಬಂತು.

"ಒಂದು ಎತ್ತು. ಎರಡು ಎತ್ತು. ನಾಲ್ಕು ಎತ್ತು."

ಮೂರು ಇಲ್ಲ. ಒಂಬತ್ತನೆಯ ಸಾಲಿನ ಮೂರನೆಯ ಎಳೆ, ಅದು ಚೌಡವ್ವನ ಮನೆಯವರು ತಪ್ಪಿಸುವ ಜಾಗ.

"ಯಪ್ಪಾ," ಎಂದಳು. "ನೀ ಯಂತ್ರ ಅಲ್ಲ. ನನ್ನಪ್ಪ ಈರಪ್ಪ."

ಹಾಗೆಂದವಳೇ ಪರದೆಯನ್ನು ಜಗ್ಗಿ ಬೀಳಿಸಿದಳು. ಕೊಳವೆಯ ಹಿಂದೆ ಈರಪ್ಪ ಕೂತಿದ್ದ, ಸೊರಗಿ ಕಡ್ಡಿಯಾಗಿದ್ದ. ಪಕ್ಕದಲ್ಲಿ ಕತ್ತಿ ಹಿಡಿದ ಕಾವಲುಗಾರ. ಮೂಲೆಯಲ್ಲಿ ಯಂತ್ರ ಗೋಣಿ ಹೊದ್ದು ತಣ್ಣಗಿತ್ತು.

"ಸರಿ ಮಗಳs!" ಈರಪ್ಪ ಅತ್ತುಬಿಟ್ಟ. "ಈ ಯಂತ್ರ ದಿನಾ ಒಂದು ಬಂಡಿ ಎಣ್ಣಿ ಕುಡೀತೈತಿ. ಅದಕ್ಕ ಮಧ್ಯಾಹ್ನ ಆರಿಸಿ, ಕೈದಿಗಳನ್ನ ಕೂಡಸ್ತಾರ. ನಮ್ಮ ಹೆಸರು ಹೇಳಿದ್ರ ತಲಿ ತೆಗೀತೀವಿ ಅಂದ್ರು. ಒಗಟು ಹೇಳಬ್ಯಾಡ ಅಂದಿರಲಿಲ್ಲ."

ಸಭೆ ಕೇತರಸನ ಕಡೆ ತಿರುಗಿತು. ಅವನು ಕಿರೀಟ ಸರಿಮಾಡಿಕೊಂಡ. ಅದು ಸರಿಯಾಗಿಯೇ ಇತ್ತು. "ಅರ್ಧ ರಾಜ್ಯ ಕೇಳು," ಎಂದ ಮೆಲ್ಲಗೆ.

"ನಿಮ್ಮ ರಾಜ್ಯ ನಿಮಗs ಇರಲಿ. ಅಪ್ಪನ್ನ, ಸೋತ ಇಬ್ಬರನ್ನ, ಸೆರೆಯಾಗಿನ ಉಳಿದವರನ್ನ ಬಿಡ್ರಿ. ಪರದಿ ಮತ್ತ ಏರಬಾರದು. ಕೂತವರು ಯಾರು, ಅವರಿಗೆಷ್ಟು ಬೆಲಿ ಅಂತ ಬಾಗಿಲಾಗ ಹಲಗಿ ಹಾಕಸ್ರಿ. ಬೆಲಿ ಮಾತಿಗಲ್ಲ, ಅಂಚಿಗೆ."

ಮರುದಿನವೇ ಹಲಗೆ ಬಂತು. ಬೆಳಿಗ್ಗೆ ಯಂತ್ರ, ಅಂಚಿಗೆ ಹತ್ತು ಕಾಸು. ಮಧ್ಯಾಹ್ನ ಈರಪ್ಪ, ಮೂರು ಕಾಸು, ಕೂಲಿ ಅವನ ಕೈಗೇ. ಇನ್ನು ಈರಪ್ಪನನ್ನು ಯಾರು ಕೇಳುತ್ತಾರೆಂದು ಕೇತರಸ ಉಪ್ಪರಿಗೆಯಿಂದ ಇಣುಕಿದ. ಹತ್ತು ಬಣ್ಣದ ಮದುವೆ ಸೀರೆಯವರು ಬೆಳಿಗ್ಗೆಯೇ ಬಂದು ಹೋಗಿದ್ದರು. ಮಧ್ಯಾಹ್ನದ ಸಾಲು ಮಾತ್ರ ಅರಮನೆಯ ಬಾಗಿಲು ದಾಟಿ, ಆನೆಯ ಲಾಯವನ್ನೂ ದಾಟಿತ್ತು.

"ಇವನು ಈರಪ್ಪ ಅಂತ ಗೊತ್ತಿದ್ದೂ ಬಂದಿರಾ?" ಎಂದು ಕೂಗಿ ಕೇಳಿದ.

ಸಾಲಿನಲ್ಲಿದ್ದ ಮುದುಕಿಯೊಬ್ಬಳು ತಲೆಯೆತ್ತಿ ನೋಡಿದಳು. "ಗೊತ್ತಿದ್ದದ್ದಕ್ಕs ಬಂದೀವಿ ದೊರೆ."

ಅಲ್ಲಿ ಈರಪ್ಪನ ಲೆಕ್ಕ ಸಾಗಿದೆ, ಚೌಡವ್ವನ ಕಂಡಿಕೆ ತುಂಬುತ್ತಿದೆ. ನಮ್ಮ ಕತೆಯ ನೂಲು ಇಲ್ಲಿಗೆ ಮುಗಿಯಿತು.