ಎಲ್ಲಾ ಕ್ಯಾಸೆಟ್ಟಿನ ಮೇಲೂ ಎರಡು

ಕೇಳ್ರಪ್ಪಾ, ನಗೋರು ಆಮೇಲೆ ನಗ್ರಿ. ಈ ಕತೆ ಹೇಳುವಾಗೆಲ್ಲ ನನಗೆ ಎದೆ ಡವಡವ ಅಂತದೆ. ನೀವೂ ಒಂಚೂರು ಹೆದರಿಕೊಂಡು ಕೇಳಿ.

ಚಿತ್ರದುರ್ಗದ ಬಸ್‌ಸ್ಟ್ಯಾಂಡ್ ಹಿಂದೆ ತಿಪ್ಪಮ್ಮ ಅಂತ ಒಬ್ಳಿದ್ಲು. ಗಂಡ ಸತ್ತ ಮೇಲೆ ಅವನ ಅಂಗಡಿ ಇವಳೇ ನಡೆಸ್ತಿದ್ಲು. ಹಳೇ ವಿಡಿಯೋ ಗೇಮ್ ರಿಪೇರಿ. ಟಿವಿಗೆ ಸಿಕ್ಕಿಸಿ, ಕ್ಯಾಸೆಟ್ ಹಾಕಿ ಆಡ್ತಿದ್ರಲ್ಲ, ಅದೇ. ಅಂಗಡಿ ಹಿಂದೇನೇ ಮನೆ. ಒಬ್ಬನೇ ಮಗ, ಓಬಳೇಶ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ಬಂದದ್ದು ಕಷ್ಟ. ತಿಪ್ಪಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. "ಹಳೇ ಜೀವ ಇದು. ಕಣ್ಣು ಹೋಯ್ತು, ನಾನೂ ಒಂದಿನ ಹೋಗ್ತೀನಿ. ಆಮೇಲೆ ಇವನ ಗತಿ ಏನು ದೇವ್ರೇ?" ಅಂತ ಅನ್ನ ಬಡಿಸ್ತಾನೂ ಅಳೋಳು, ತಟ್ಟೆ ತೊಳೀತಾನೂ ಅಳೋಳು.

ಒಂದಿನ ಬೆಳಿಗ್ಗೆ ಲಾರಿ ಈರಣ್ಣ ಬಂದ. ಆನೆಯಂಥ ಆಳು. ಕಂಕುಳಲ್ಲಿ ಟವೆಲ್ ಸುತ್ತಿದ ವಿಡಿಯೋ ಗೇಮು.

"ತಿಪ್ಪಕ್ಕಾ, ನಾನು ಚಿಕ್ಕೋನಿದ್ದಾಗ ನಮ್ಮವ್ವ ಕೊಡ್ಸಿದ್ದು. ಅವ್ವ ಹೋದ್ಲು, ಇದೊಂದು ಉಳಿದೈತೆ. ದೊಡ್ಡ ಆಟ ಹಾಕಿದ್ರೆ ಮೆಮೊರಿ ಸಾಲಲ್ಲ ಅಂತೈತೆ. ಮೆಮೊರಿ ಕ್ಯಾಸೆಟ್ ಹಾಕಿಡು, ಸಂಜೆ ಬರ್ತೀನಿ. ಸುಟ್ಟುಗಿಟ್ಟೀಯಾ! ಅಂಗಡಿಗೆ ಬೀಗ ಜಡಿಸ್ತೀನಿ!"

ತಿಪ್ಪಮ್ಮ ತಲೆ ಮೇಲೆ ಕೈ ಹೊತ್ಕೊಂಡ್ಲು. ಯಾಕಂದ್ರೆ ಮೆಮೊರಿ ಕ್ಯಾಸೆಟ್ಟಲ್ಲಿ ಎರಡು ಥರ. ಮೊದಲು ಬಂದ ಹಳೇದು ಒಂದನೇ ನಂಬರು. ಆಮೇಲೆ ತಿದ್ದಿ ಮಾಡಿದ ಹೊಸದು ಎರಡನೇ ನಂಬರು. ಹೊರಗಿಂದ ನೋಡಿದ್ರೆ ಅವಳಿಜವಳಿ! ಈರಣ್ಣನ ಗೇಮಿಗೆ ಎರಡನೇದು ಹಾಕಿದ್ರೆ ಆಟ, ಒಂದನೇದು ಹಾಕಿದ್ರೆ ಹೊಗೆ! ಆ ನಂಬರೋ, ಒಳಗಿನ ಹಸಿರು ಪ್ಲೇಟಿನ ಮೇಲೆ ಸಾಸಿವೆಕಾಳಷ್ಟು. ಪೊರೆ ಬಂದ ಕಣ್ಣಿಗೆ ಎಲ್ಲಿಂದ ಕಾಣಬೇಕು?

"ಓಬಾ! ಗುಜರಿ ಅಂಗಡಿಗೆ ಓಡು. ಎರಡು ಅಂತ ನಂಬರ್ ಇರೋದನ್ನ ತಗಂಬಾ!"

ಓಡಿದ. ಓಡಿ ಬಂದ. ಗುಜರಿ ಅಂಗಡಿ ಬಾಗಿಲಿಗೆ ಹೊಡೆದಿದ್ದ ನಂಬರ್ ಪ್ಲೇಟು ಕೈಯಲ್ಲಿ, ಮೊಳೆ ಸಮೇತ!

"ಅವ್ವಾ, ಎರಡು!"

"ಅಯ್ಯೋ ಪೆದ್ದೇ! ಹೊರಗೆ ಬರೆದಿರೋದನ್ನ ನಂಬಬಾರ್ದು ಕಣೋ! ಏನೇ ತಂದ್ರೂ ಬಿಚ್ಚಿ ಒಳಗೆ ನೋಡಿ ತರಬೇಕು!"

"ಹೂಂ ಕಣವ್ವಾ. ಬಿಚ್ಚಿ ಒಳಗೆ ನೋಡಿ ತರ್ತೀನಿ."

ತಿಪ್ಪಮ್ಮನೇ ಗೋಡೆ ಹಿಡ್ಕೊಂಡು ಹೋಗಿ, ಪ್ಲೇಟು ವಾಪಸ್ ಕೊಟ್ಟು, ಬೈಸಿಕೊಂಡು, ಒಂದು ಚೀಲ ಕ್ಯಾಸೆಟ್ ತಂದ್ಲು. ಹಳೇದು ಹೊಸದು ಎಲ್ಲಾ ಕಲಸುಮೇಲೋಗರ. ಮಗನ ಕೈಲಿ ನಂಬರ್ ಓದಿಸೋಣ ಅಂದ್ರೆ ನಂಬಿಕೆ ಇಲ್ಲ. ಅಷ್ಟೊತ್ತಿಗೆ ಮಧ್ಯಾಹ್ನ. ಹೊಟ್ಟೆಗೆ ಏನಾದ್ರೂ ಬೇಕಲ್ಲ? ಮಗನ್ನ ಮೊಟ್ಟೆ ತರೋಕೆ ಕಳಿಸಿದ್ಲು.

ಬಂದ. ಅಂಗಿಯೆಲ್ಲ ಲೋಳೆ, ಕೈಯಲ್ಲಿ ಬರೀ ಚಿಪ್ಪು.

"ಎಲ್ಲಾ ಬಿಚ್ಚಿ ನೋಡ್ದೆ ಅವ್ವಾ! ಒಳಗೆ ಹಳದಿ ಐತೆ, ನಂಬರೇ ಇಲ್ಲ!"

"ಮೊಟ್ಟೆ ಬಿಚ್ತಾರೇನೋ? ಮೊಟ್ಟೆ ಬಿಚ್ಚಬೇಡ್ವೋ! ನಿಮ್ಮಪ್ಪನ್ನ ನೋಡಿ ಕಲೀಲಿಲ್ವಾ? ಕೈಗೆ ಏನು ಬಂದ್ರೂ ಮೊದಲು ಉಫ್ ಅಂತ ಊದೋರು. ಆಮೇಲೆ ರಬ್ಬರಲ್ಲಿ ಉಜ್ಜೋರು. ಆಮೇಲೆ ನೋಡೋರು!"

"ಹೂಂ ಕಣವ್ವಾ. ಊದಿ, ಉಜ್ಜಿ, ಆಮೇಲೆ ನೋಡ್ತೀನಿ."

ಏಯ್, ಯಾರದು ಕಿಸಿಕಿಸಿ? ಹೊತ್ತು ಇಳೀತಾ ಐತೆ, ಈರಣ್ಣ ಬರೋನವ್ನೆ, ನಿಮಗೆ ನಗು!

ತಿಪ್ಪಮ್ಮನಿಗೆ ಆಗ ನೆನಪಾಯ್ತು, ಪಕ್ಕದ ಮನೆ ಕಮಲಾಕ್ಷಮ್ಮನ ಹತ್ರ ಭೂತಗನ್ನಡಿ ಐತೆ ಅಂತ. ಸಾಸಿವೆಯಷ್ಟಿರೋದು ಕಡಲೆಯಷ್ಟಾಗಿ ಕಾಣ್ತದೆ. "ಹೋಗು, ಕೇಳಿ ಇಸ್ಕಂಬಾ. ಅದೊಂದು ಸಿಕ್ರೆ ಬದುಕಿದ್ವಿ!"

ಕಮಲಾಕ್ಷಮ್ಮ ಪೂಜೆಗೆ ಕೂತಿದ್ಲು. ಬಾಗಿಲ ಮುಂದೆ ರಂಗೋಲಿ. ಓಬ ಬಗ್ಗಿ ರಬ್ಬರಲ್ಲಿ ಉಜ್ಜಿದ. ಒಳಗೆ ದೀಪ. ಉಫ್ ಅಂತ ಊದಿದ. ಆಮೇಲೆ ನೋಡಿದ. ಕತ್ತಲೆ!

"ದೀಪ ಊದ್ತೀಯೇನೋ ಮನೆಹಾಳ!" ಅಂತ ಪೊರಕೆ ಹಿಡ್ಕೊಂಡು ಬೀದಿವರೆಗೂ ಅಟ್ಟಿಸಿಕೊಂಡು ಬಂದ್ಲು. ಇನ್ನ ಭೂತಗನ್ನಡಿ ಯಾರು ಕೊಡ್ತಾರೆ?

ತಿಪ್ಪಮ್ಮ ಕುಸಿದು ಕೂತ್ಲು. ಬೈಯೋಕೂ ತ್ರಾಣವಿಲ್ಲ.

"ಊದಬೇಡಪ್ಪಾ, ಉಜ್ಜಬೇಡ. ಒಂದೇ ಒಂದು ಮಾತು ತಲೇಲಿಟ್ಕೋ. ಎರಡು ಅಂತ ಇದ್ರೆ ಉಳೀತದೆ. ಇಲ್ಲದಿದ್ರೆ ಹೋಗ್ತದೆ. ಹಳೇದು ಹೋಗ್ತದೆ, ಹೊಸದು ಉಳೀತದೆ. ಅಷ್ಟೇ ಕಣೋ."

"ಎರಡು ಇದ್ರೆ ಉಳೀತದಾ ಅವ್ವಾ?"

"ಹೂಂ."

"ಏನೇ ಆದ್ರೂ ಉಳೀತದಾ?"

"ಹೂಂ ಅಂದ್ನಲ್ಲೋ!" ಅಂದೋಳೇ ಅತ್ತು ಅತ್ತು ಗೋಡೆಗೊರಗಿ ನಿದ್ದೆಹೋದ್ಲು.

ಎಚ್ಚರ ಆದಾಗ ಈರಣ್ಣ ಬಾಗಿಲಲ್ಲಿ ನಿಂತಿದ್ದ. ತಿಪ್ಪಮ್ಮ ಬೇರೆ ದಾರಿ ಕಾಣದೆ ಕ್ಯಾಸೆಟ್ ಚೀಲ ಮಗನ ಮುಂದಕ್ಕೆ ತಳ್ಳಿದ್ಲು. "ಓಬಾ, ಇವುಗಳಲ್ಲಿ ಯಾವ್ದೋ ಎರಡು? ಓದಿ ಹೇಳು ಮಗನೇ."

"ಎಲ್ಲಾ ಎರಡೇ ಅವ್ವಾ!"

ಈರಣ್ಣ ಒಂದು ಕ್ಯಾಸೆಟ್ ಎತ್ತಿದ. ಮೇಲೆ ಮಾರ್ಕರ್ ಪೆನ್ನಲ್ಲಿ ದಪ್ಪಗೆ ಎರಡು! ಇನ್ನೊಂದು ಎತ್ತಿದ. ಎರಡು! "ಹೊರಗಿಂದು ಬಿಡು, ಒಳಗೆ ನೋಡಾಣ" ಅಂತ ತಾನೇ ಸ್ಕ್ರೂ ಬಿಚ್ಚಿದ.

"ಒಳಗೂ ಬರ್ದೀನಿ ಅಣ್ಣಾ!" ಅಂದ ಓಬ. "ಹೊರಗಿಂದು ನಂಬಬಾರ್ದು ಅಂತ ಅವ್ವ ಹೇಳೈತೆ. ಮೊಟ್ಟೆ ಬಿಚ್ಚಬೇಡ ಅಂದೈತೆ, ಕ್ಯಾಸೆಟ್ ಬಿಚ್ಚಬೇಡ ಅಂದಿಲ್ಲ. ಉಜ್ಜಬೇಡ ಅಂದಿದ್ಕೆ ಇದ್ದ ನಂಬರಿಗೆಲ್ಲ ಮಸಿ ಬಳಿದು ಮೇಲೆ ಎರಡು ಬರ್ದೆ. ಇನ್ನ ಯಾವ್ದು ಹಾಕಿದ್ರೂ ಸುಡಲ್ಲ!"

ಮುಗೀತು! ಇನ್ನ ಹಳೇದು ಯಾವುದು, ಹೊಸದು ಯಾವುದು, ಮಾಡಿದೋನೇ ಬಂದ್ರೂ ಹೇಳಲಾರ. ಈರಣ್ಣ ತನ್ನ ಗೇಮ್ ತಿರುಗಿಸಿದ. ಅದರ ಬೆನ್ನಿಗೂ ಎರಡು! ಸ್ಟೂಲಿಗೆ ಎರಡು, ಟೀ ಲೋಟಕ್ಕೆ ಎರಡು. ಮುಖ ಕೆಂಪಗಾಯ್ತು. ಕೈ ಎತ್ತಿದ.

"ಅವನ್ನ ಹೊಡೀಬೇಡಪ್ಪಾ, ನನ್ನ ಹೊಡಿ!" ಅಂತ ತಿಪ್ಪಮ್ಮ ಅಡ್ಡ ಬಂದ್ಲು. ಎತ್ತಿದ ಕೈ ಹಾಗೇ ನಿಂತುಬಿಡ್ತು. ತಿಪ್ಪಮ್ಮನ ಹಣೆ ಮೇಲೂ ಎರಡು!

"ಇದೇನೋ ಇದು?"

"ಹಳೇದು ಹೋಗ್ತದಂತೆ ಅಣ್ಣಾ. ಅವ್ವ ದಿನಾ ಅಳ್ತದೆ, ಹಳೇ ಜೀವ, ಹೋಗ್ತೀನಿ ಅಂತ. ಅದಕ್ಕೆ ಅವ್ವಂಗೂ ಎರಡು ಬರ್ದೆ. ಇನ್ನ ಅವ್ವ ಹೋಗಲ್ಲ."

ಈರಣ್ಣ ಕೈ ಇಳಿಸಿದ. ಆಮೇಲೆ ಗೇಮಿಗೆ ಟವೆಲ್ ಸುತ್ತಿದ. "ಏನೂ ಹಾಕಬೇಡ ತಿಪ್ಪಕ್ಕಾ. ಚಿಕ್ಕ ಆಟಾನೇ ಆಡ್ತೀನಿ. ಮೊದ್ಲು ಕಣ್ಣು ತೋರಿಸ್ಕೋ" ಅಂತ ಹೊರಟುಹೋದ. ಗೇಮಿನ ಬೆನ್ನಿನ ಎರಡನ್ನ ಅಳಿಸಿಕೊಡು ಅಂತ ಕೇಳಲಿಲ್ಲ.

ತಿಪ್ಪಮ್ಮನಿಗೆ ನಗಬೇಕೋ ಹೊಡೀಬೇಕೋ ತಿಳೀಲಿಲ್ಲ. ಹಣೆ ಮುಟ್ಟಿಕೊಂಡ್ಲು, ಮಗನ ತಲೆ ಸವರಿದ್ಲು. "ಆಯ್ತು ಬಿಡು. ಒಂದು ಚೊಂಬು ನೀರು ತಾರೋ, ಮುಖ ತೊಳ್ಕೋತೀನಿ."

"ನೀರಿಲ್ಲ ಅವ್ವಾ."

"ಯಾಕೋ? ಬೆಳಿಗ್ಗೆ ತಾನೇ ನಲ್ಲಿ ಬಂದಿತ್ತು! ಹಂಡೆ, ಕೊಡ, ಡ್ರಮ್ಮು, ಎಲ್ಲಾ ತುಂಬಿಸಿದ್ನಲ್ಲೋ?"

"ಎಲ್ಲಾ ಮೋರಿಗೆ ಚೆಲ್ಲಿದೆ. ನೀನು ತೊಳ್ಕೊಂಡ್ರೆ ಎರಡು ಅಳಿಸಿಹೋಗ್ತದೆ. ಎರಡು ಹೋದ್ರೆ ನೀನೂ ಹೋಗ್ತೀಯ."

ಆ ಬೀದಿಗೆ ನಲ್ಲಿ ನೀರು ಬರೋದು ವಾರಕ್ಕೊಂದು ಸಲ ಕಣ್ರಪ್ಪಾ! ವಾರ ಪೂರ್ತಿ ತಿಪ್ಪಮ್ಮ ಅಕ್ಕಪಕ್ಕದೋರ ಹತ್ರ ಕುಡಿಯೋಕೆ ನೀರು ಬೇಡಿದ್ಲು, ಹಣೆ ಮೇಲೆ ಎರಡು ಇಟ್ಕೊಂಡೇ ಅಂಗಡಿ ತೆಗೆದ್ಲು. ಏಳ್ರಿ ಇನ್ನ, ನಮ್ಮನೆ ಕೊಡ ತುಂಬೈತಾ ನೋಡ್ಕೋತೀನಿ.