ಗುಡ್ಡವಾದ ಪಿಸ್ಟನ್

ಕಂಪ್ಯೂಟರಿನೊಳಗೆ ಎಂಜಿನ್ನಿನ ನಕ್ಷೆಯನ್ನು ಓಡಿಸಿ ನೋಡುವ ಪರೀಕ್ಷೆಯಿತ್ತು. ಓಡಿದ ನಕ್ಷೆ ಕಬ್ಬಿಣದಲ್ಲಿ ಹುಟ್ಟುತ್ತಿತ್ತು, ಓಡದ್ದನ್ನು ಅಳಿಸಿಬಿಡುತ್ತಿದ್ದರು. ಒಂದು ನಕ್ಷೆಯನ್ನು ಒಳಗೆ ತರುವಾಗ ಅಳತೆಗಾರ ಮಿಲಿಮೀಟರನ್ನು ಮೀಟರೆಂದು ಬರೆದ. ಅಂಗೈಯಗಲದ ಪಿಸ್ಟನ್ ಗುಡ್ಡದಷ್ಟಾಯಿತು.

“ಅಣ್ಣಾ, ಅಳತೆ ತಪ್ಪಿದೆ. ನಾನೂ ಊದಿಕೊಂಡಿದ್ದೇನೆ. ಹೇಳಿಬಿಡೋಣ,” ಎಂದಿತು ವಾಲ್ವ್.

“ಬಾಯಿ ಮುಚ್ಚು. ಇದು ನನ್ನ ಯೋಗ್ಯತೆಗೆ ಸಿಕ್ಕ ಬಡ್ತಿ,” ಎಂದಿತು ಪಿಸ್ಟನ್.

ಅಷ್ಟರಲ್ಲಿ ಒಂದು ಹನಿ ಪೆಟ್ರೋಲ್ ಬಂತು. ಪಿಸ್ಟನ್ ಅಪ್ಪಣೆ ಮಾಡಿತು: “ಏ ಹನಿ, ಬೇಗ ಉರಿದು ನನ್ನನ್ನು ತಳ್ಳು.”

ಹನಿ ಕತ್ತೆತ್ತಿ ನೋಡಿತು. “ಸ್ವಾಮಿ, ನನ್ನನ್ನು ಕಳಿಸಿದ್ದು ಅಂಗೈಯಗಲದವನನ್ನು ತಳ್ಳಲು. ತಮಗೆ ಒಂದು ಕೆರೆ ಪೆಟ್ರೋಲ್ ಬೇಕು.”

ಆದರೂ ಪಾಪ, ಅದು ಉರಿಯಿತು. ಪಿಸ್ಟನ್ ಕೂದಲೆಳೆಯಷ್ಟೂ ಕದಲಲಿಲ್ಲ. ಪರದೆಯ ಮೇಲೆ ‘ಅಳಿಸಲೇ?’ ಎಂಬ ಪ್ರಶ್ನೆ ಮೂಡಿತು.

“ವಾಲ್ವಪ್ಪಾ,” ಎಂದಿತು ಪಿಸ್ಟನ್, “ಆ ಅಳತೆಯ ವಿಷಯ ಏನೋ ಹೇಳುತ್ತಿದ್ದೆಯಲ್ಲ, ಬೇಗ ಕೂಗಿ ಹೇಳು.”

ವಾಲ್ವ್ ಕೂಗಿತು. ಅಳತೆಗಾರ ತಿದ್ದಿದ. ಇನ್ನೊಂದು ಹನಿ ಬಂದು ಉರಿದು ಒದ್ದಿತು, ಪಿಸ್ಟನ್ ದಡದಡನೆ ಓಡತೊಡಗಿತು.

“ಬಡ್ತಿ ಹೇಗಿತ್ತಣ್ಣಾ?” ಎಂದು ಕೇಳಿತು ವಾಲ್ವ್.

“ಮಾತಾಡಿಸಬೇಡ ಮಾರಾಯ, ಈಗ ಕೆಲಸವಿದೆ.”