ಪರದೆಯ ಹಿಂದಿನ ಬೆಂಚು

ರಾಣೆಬೆನ್ನೂರಿನಲ್ಲಿ ಮುರಿಗೆಪ್ಪನೆಂಬವನ ಮಿಠಾಯಿ ಅಂಗಡಿ ಇತ್ತು. ಅಂಗಡಿಯೊಳಗೆ ಒಂದು ನೀಲಿ ಪರದೆ, ಅದರ ಹಿಂದೆ ಒಂದು ಬೆಂಚು. ಆ ಬೆಂಚು ಯಾರಿಗೆ ಗೊತ್ತೇನು? ಸಿಹಿ ಮುಟ್ಟಬಾರದು ಅಂತ ಮನೆಯಲ್ಲಿ ಕಟ್ಟಪ್ಪಣೆ ಆದವರಿಗೆ!

ಸಂಜೆಯಾದರೆ ಸಾಕು, ವಾಕಿಂಗ್ ನೆಪ ಮಾಡಿಕೊಂಡು ಒಬ್ಬೊಬ್ಬರೇ ಬಂದು ಕೂರುತ್ತಿದ್ದರು. ರಿಟೈರಾದ ಗದಿಗೆಪ್ಪ ಮಾಸ್ತರರು ಬರುತ್ತಿದ್ದರು. ಊರಿಗೆಲ್ಲ ಸಿಹಿ ಬಿಡಿ ಅಂತ ಹೇಳುವ ಡಾಕ್ಟರು ಕೂಡ ಬರುತ್ತಿದ್ದರು, ನಗಬೇಡಿ. ಮುರಿಗೆಪ್ಪ ತಲೆಗೆ ಒಂದೇ ಜಿಲೇಬಿ ಕೊಡುತ್ತಿದ್ದ. ಇನ್ನೊಂದು ಕೇಳಿದರೆ, "ಮನಿಗೆ ಹೇಳ್ತೀನಿ ನೋಡ್ರಿ!" ಅಂತ ಹೆದರಿಸುತ್ತಿದ್ದ. ಆದರೆ ಯಾವತ್ತೂ ಯಾರ ಮನೆಗೂ ಹೇಳಿದವನಲ್ಲ. ಆ ಬೆಂಚಿನ ಹರಟೆ ಇಲ್ಲದ ದಿನ ಅವನಿಗೂ ಊಟ ರುಚಿಸುತ್ತಿರಲಿಲ್ಲ.

ಹೀಗಿರುವಾಗ ಎದುರಿಗೇ ಗಾಜಿನ ಬಾಗಿಲಿನ, ಏಸಿ ಹಾಕಿದ ದೊಡ್ಡ ಸ್ವೀಟ್ ಅಂಗಡಿ ತೆರೆಯಿತು. ಮುರಿಗೆಪ್ಪನಿಗೆ ಚಿಂತೆ ಹತ್ತಿತು. ನನ್ನ ಗಿರಾಕಿಗಳೆಲ್ಲ ಅಲ್ಲಿಗೇ ಹೋದರೆ? ಹೆದರಿಕೆಯಲ್ಲಿ ಹೋಗಿ ಒಂದು ಬಿಲ್ಲಿಂಗ್ ಯಂತ್ರ ಕೊಂಡುತಂದ. ಮಾರುವವನು ಬಹಳ ಹೊಗಳಿದ್ದ: "ಯಾರಿಗೆ ಏನು ಇಷ್ಟ, ಯಾರು ಯಾವಾಗ ಬರ್ತಾರೆ, ಎಲ್ಲಾ ಇದು ನೆನಪಿಡುತ್ತೆ ಸಾರ್. ಬರದಿದ್ದರೆ ತಾನೇ ಮೆಸೇಜ್ ಹಾಕಿ ಕರೆಯುತ್ತೆ."

ಅಂದಿನಿಂದ ಬಿಲ್ಲಿಗೆ ಫೋನ್ ನಂಬರು ಕೊಟ್ಟವರಿಗೆ ಪಾಯಿಂಟು. ಪಾಯಿಂಟು ಕೂಡಿದರೆ ಪೇಡೆ ಫ್ರೀ. ಫ್ರೀ ಅಂದರೆ ಕೇಳಬೇಕೆ? ಬೆಂಚಿನವರೂ ಮುಂದೆ ಬಿದ್ದು ನಂಬರು ಕೊಟ್ಟರು. ಆದರೆ ತಮ್ಮದೇ ನಂಬರು ಯಾರಿಗೆ ನೆನಪಿರುತ್ತದೆ ಹೇಳಿ? ಮಾಸ್ತರರಿಗೆ ಬಾಯಿಪಾಠ ಇದ್ದದ್ದು ಹೆಂಡತಿಯ ನಂಬರು. ಅದನ್ನೇ ಗಟ್ಟಿಯಾಗಿ ಹೇಳಿ ಬರೆಸಿದರು. ಉಳಿದವರೂ ಅದನ್ನೇ ಮಾಡಿದರು. ಪಾಪ!

ಒಂದು ದಿನ ಮಾಸ್ತರರು ನೆಗಡಿಯಾಗಿ ಮನೆಯಲ್ಲೇ ಉಳಿದರು. ಸಂಜೆ ಹೆಂಡತಿ ನೀಲಗಂಗಮ್ಮನ ಫೋನು ಟಿಣ್ ಅಂದಿತು.

"ಪ್ರಿಯ ಗ್ರಾಹಕರೇ, ದಿನಾ ತಪ್ಪದೆ ಜಿಲೇಬಿ ತಿನ್ನುವ ನೀವು ಇವತ್ತೇಕೆ ಬರಲಿಲ್ಲ? ನಿಮ್ಮ ಬಿಸಿ ಬಿಸಿ ಜಿಲೇಬಿ ಕಾಯುತ್ತಿದೆ!"

ನೀಲಗಂಗಮ್ಮ ಒಮ್ಮೆ ಫೋನು ನೋಡಿದರು, ಒಮ್ಮೆ ಗಂಡನ ಮುಖ ನೋಡಿದರು. "ಇಬ್ಬರಿಗೂ ಶುಗರ್ ಐತಿ ಅಂತ ನಾನೂ ಚಹಾಕ್ಕ ಸಕ್ಕರಿ ಬಿಟ್ಟೀನಿ. ದಿನಾ ಬೆಳಗ್ಗೆ ಎದ್ದು ನಿಮಗ ಹಾಗಲಕಾಯಿ ರಸ ಹಿಂಡಿ ಕೊಡ್ತೀನಿ. ನೀವು ನೋಡಿದ್ರ ಅಲ್ಲಿ ಜಿಲೇಬಿ ಕಾಯಿಸ್ತೀರಿ!"

ಮಾಸ್ತರರು ಕೆಮ್ಮಿದರು. ಆ ಹೊತ್ತಿನಲ್ಲಿ ಬೇರೇನು ಮಾಡಲಾದೀತು?

ಒಂದೊಂದು ದಿನ ತಪ್ಪಿಸಿದ್ದಕ್ಕೇ ಆ ವಾರ ಬೆಂಚಿನವರೆಲ್ಲರ ಮನೆಯಲ್ಲೂ ಇದೇ ರಾಮಾಯಣ. ಡಾಕ್ಟರ ಮನೆಯಲ್ಲಿ ಸ್ವಲ್ಪ ಜಾಸ್ತಿಯೇ ಆಯಿತಂತೆ. ಬೆಂಚು ಖಾಲಿಯಾಯಿತು. ಯಾರೂ ಬಂದು ಜಗಳ ಆಡಲಿಲ್ಲ. ರಸ್ತೆಯ ಆ ಬದಿಯಿಂದ ತಲೆ ತಗ್ಗಿಸಿಕೊಂಡು ಹೋಗಿಬಿಡುತ್ತಿದ್ದರು. ಅವರು ಬರದಿದ್ದಷ್ಟೂ ಯಂತ್ರ ಅವರವರ ಮನೆಗೆ ಹೊಸ ಹೊಸ ರಿಯಾಯಿತಿ ಕಳಿಸುತ್ತಿತ್ತು, ಉರಿಯುವ ಒಲೆಗೆ ಎಣ್ಣೆ ಸುರಿದ ಹಾಗೆ.

ಮುರಿಗೆಪ್ಪ ಖಾಲಿ ಬೆಂಚಿನ ಮೇಲೆ ಒಬ್ಬನೇ ಕೂತು ನೋಡಿದ. ಅವನಿಗೆ ಅಳುವೇ ಬಂತು. ಏಸಿ ಅಂಗಡಿಗೂ ಕಿತ್ತುಕೊಳ್ಳಲಾಗದ ಸ್ನೇಹವನ್ನು ತಾನೇ ಕೈಯಾರೆ ಕಳೆದುಕೊಂಡಿದ್ದ. ಎದ್ದವನೇ ಯಂತ್ರದಿಂದ ಎಲ್ಲರ ನಂಬರೂ ಅಳಿಸಿದ. ಬಿಲ್ಲು ಕೊಡುವುದೊಂದೇ ಅದಕ್ಕೆ ಬಿಟ್ಟ ಕೆಲಸ. ಆಮೇಲೆ ನೆಟ್ಟಗೆ ಮಾಸ್ತರರ ಮನೆಗೆ ಹೋದ.

ಬಾಗಿಲು ತೆರೆದವರು ನೀಲಗಂಗಮ್ಮ. "ಬರ್ರಿ ಮುರಿಗೆಪ್ಪ, ಚಲೋ ಆತು ಬಂದದ್ದು. ಖರೇ ಹೇಳ್ರಿ, ಇವ್ರು ದಿನಾ ಎಷ್ಟು ತಿಂತಿದ್ರು?"

ಒಳಗಿನಿಂದ ಮಾಸ್ತರರು ಹೇಳಪ್ಪಾ, ಹೇಳು ಅಂತ ಕಣ್ಣಲ್ಲೇ ಬೇಡಿಕೊಂಡರು. ಒಂದೇ ಅಂದಿದ್ದರೆ ಮುಗಿಯುತ್ತಿತ್ತು, ಅದು ನಿಜವೂ ಆಗಿತ್ತು. ಆದರೂ ಮುರಿಗೆಪ್ಪ ಕೈಮುಗಿದ.

"ಅಕ್ಕಾರ, ಅದನ್ನ ಮಾಸ್ತರರನ್ನ ಕೇಳ್ರಿ. ಅಂಗಡ್ಯಾಗ ಯಾರು ಏನು ತಿಂದ್ರು ಅನ್ನೂದು ಇನ್ನ ಮ್ಯಾಲೆ ನನ್ನ ಬಾಯಿಂದ ಬರೂದಿಲ್ಲ. ಒಳ್ಳೇದಾದ್ರೂ ಹೇಳೂದಿಲ್ಲ, ಕೆಟ್ಟದಾದ್ರೂ ಹೇಳೂದಿಲ್ಲ. ಯಂತ್ರದ ಬಾಯಿನೂ ಮುಚ್ಚಿಸಿ ಬಂದೀನಿ. ತಪ್ಪಾತು."

ನೀಲಗಂಗಮ್ಮ ಅವನನ್ನು ದಿಟ್ಟಿಸಿ ನೋಡಿದರು. "ಯಾರು ಕೇಳಿದ್ರೂ ಹೇಳೂದಿಲ್ಲ?"

"ಯಾರು ಕೇಳಿದ್ರೂ."

"ಆತು, ಹೋಗಿ ಬರ್ರಿ" ಅಂದರು ಅವರು.

ಮಾರನೇ ದಿನ ಸಂಜೆ ಗಂಡ ಹೆಂಡತಿ ಇಬ್ಬರೂ ರಾಜಾರೋಷವಾಗಿ ಅಂಗಡಿಗೆ ಬಂದರು. ಅದೇ ಬೆಂಚಿನ ಮೇಲೆ ಕೂತು ಒಂದೇ ಜಿಲೇಬಿಯನ್ನು ಅರ್ಧರ್ಧ ಮುರಿದು ತಿಂದರು. ಅದನ್ನು ಕಂಡು ರಸ್ತೆಯ ಆ ಬದಿಯಲ್ಲಿದ್ದ ಡಾಕ್ಟರಿಗೂ ಧೈರ್ಯ ಬಂತು.

ಮಾಸ್ತರರು ಕೈ ತೊಳೆಯಲು ಎದ್ದಾಗ ನೀಲಗಂಗಮ್ಮ ಮೆಲ್ಲಗೆ ಕೌಂಟರಿನ ಹತ್ತಿರ ಬಂದರು. ಆಚೆ ಈಚೆ ನೋಡಿ ಪಿಸುಗುಟ್ಟಿದರು:

"ಸೋಮವಾರ ಭಜನಿ ಮುಗಿಸಿ ಬಂದು ನಾ ಬೇಸನ್ ಉಂಡಿ ತಿಂತಿದ್ದೆ, ನೆನಪೈತಿ? ನಿಮ್ಮ ಯಂತ್ರ ನಂಬರು ಕೇಳಿದ ದಿನದಿಂದ ಹೆದರಿ ಬರೂದ ಬಿಟ್ಟಿದ್ದೆ. ನಿನ್ನೆ ನಿಮ್ಮನ್ನ ಪರೀಕ್ಷೆ ಮಾಡಿದೆ. ಈ ಸೋಮವಾರದಿಂದ ಬರ್ತೀನಿ."

ಮುರಿಗೆಪ್ಪ ಗಂಭೀರವಾಗಿ ತಲೆ ಕೆರೆದುಕೊಂಡ. "ಯಾವ ಉಂಡಿ ಅಕ್ಕಾರ? ನನಗೇನೂ ನೆನಪಿಲ್ಲ."

ನೀತಿ: ಗಿರಾಕಿಯ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಅವರು ನಂಬಿ ನಮ್ಮ ಕೈಯಲ್ಲಿ ಇಟ್ಟದ್ದು. ಅದನ್ನು ಸಾರುತ್ತಾ ವ್ಯಾಪಾರ ಮಾಡಬಾರದು, ಜೋಪಾನ ಮಾಡಬೇಕು. ನೆನಪಿಡುವ ಕೆಲಸ ಯಂತ್ರ ಮಾಡೀತು. ಎಲ್ಲಿ ಸುಮ್ಮನಿರಬೇಕು ಅನ್ನುವುದನ್ನು ಮಾತ್ರ ನಾವೇ ತಿಳಿದಿರಬೇಕು.